ಮುದ್ರೆ ಒಡೆಯದ ಚೀಲ

ಬಿತ್ತನೆಯ ಹೊತ್ತು ಹತ್ತಿರವಾಗಿದ್ದರೂ ಬಿಸಿಲಿನ ಜೋರು ಇಳಿದಿರಲಿಲ್ಲ. ವಕೀಲರ ಕಚೇರಿಯಲ್ಲಿ ಗುಮಾಸ್ತ ಕಡತಗಳಿಗೆ ದಾರ ಪೋಣಿಸುತ್ತಿದ್ದ. ಟೈಪಿನವಳು ಇಬ್ಬರು ವ್ಯಾಪಾರಿಗಳ ಬೈಗುಳವನ್ನು ಸಭ್ಯ ಭಾಷೆಗೆ ಇಳಿಸುತ್ತಿದ್ದಳು. ಎಲ್ಲರೂ ಹಳಬ ಎಂದು ಕರೆಯುವ ವಕೀಲ ಮಾತ್ರ ಪೆನ್ನಿನ ಮುಚ್ಚಳ ತೆಗೆಯದೆ ಎದುರಿನ ಕಿಟಕಿ ಕೋಣೆಯನ್ನೇ ನೋಡುತ್ತಿದ್ದ. ಆ ಕೋಣೆ ಇಂದಲ್ಲ ನಾಳೆ ತನ್ನದೆಂದು ಅವನು ತಲೆಗೂದಲು ನರೆಯುವವರೆಗೆ ಕಾದಿದ್ದ. ಈಗ ಅಲ್ಲಿ ಕಿರಿಯ ವಕೀಲೆಯೊಬ್ಬಳು ಕೂತಿದ್ದಳು.

ಮನಸ್ಸಿನಲ್ಲಿ ಅವನು ಅವಳಿಗೆ ಇಟ್ಟಿದ್ದ ಹೆಸರು ಮೊನ್ನೆಯವಳು. ಮೊನ್ನೆ ಬಂದವಳು. ವಾದಪತ್ರ ಬರೆಯಲು ಕಲಿಸಿದವನು ಅವನೇ. ಮೊದಲ ದಿನ ನ್ಯಾಯಾಧೀಶರು ಗದರಿದಾಗ ಅವಳ ಪರವಾಗಿ ಎದ್ದು ನಿಂತವನೂ ಅವನೇ. ಈಗ ಕಚೇರಿಯ ಯಜಮಾನರು, ಅಂದರೆ ದೊಡ್ಡವರು, ಬೀಜದ ಕಂಪನಿಯ ಮೊಕದ್ದಮೆಯನ್ನು ಅವಳಿಗೆ ಒಪ್ಪಿಸಿದ್ದರು. ಅವಳು ಅಣ್ಣ ಎಂದು ಕರೆದಾಗಲೆಲ್ಲ ಅವನ ಹೊಟ್ಟೆಯೊಳಗೆ ಕೆಂಡ ಮಗ್ಗುಲು ಬದಲಿಸುತ್ತಿತ್ತು.

ಮೊಕದ್ದಮೆ ಸರಳವಾಗಿತ್ತು. ಕಂಪನಿ ಮಾರಿದ ಮೆಕ್ಕೆಜೋಳದ ಬೀಜ ಮೊಳೆಯುವುದಿಲ್ಲವೆಂದು ವ್ಯಾಪಾರಿಗಳ ಸಂಘ ಹಠ ಹಿಡಿದಿತ್ತು. ಕೋರ್ಟಿನವರು ಗೋದಾಮಿನಿಂದ ಮಾದರಿ ತೆಗೆದು, ಬಟ್ಟೆಚೀಲಕ್ಕೆ ತುಂಬಿ, ಬಾಯಿಕಟ್ಟಿದ ದಾರದ ತುದಿಗೆ ಅರಗಿನ ಮುದ್ರೆ ಒತ್ತಿದ್ದರು. ಎರಡೂ ಕಡೆಯವರ ಒಪ್ಪಿಗೆಯಿಂದ ಚೀಲ ಇದೇ ಕಚೇರಿಯ ಬೀರುವಿನಲ್ಲಿತ್ತು. ಗೊತ್ತುಮಾಡಿದ ದಿನ ಕೋರ್ಟು ನೇಮಿಸಿದ ಕಮಿಷನರು ಬಂದು ಎಲ್ಲರೆದುರು ಬಿತ್ತುವುದು. ಮೊಳೆತರೆ ಕಂಪನಿ ಉಳಿಯಿತು. ಮೊಳೆಯದಿದ್ದರೆ ಕಂಪನಿಯ ಜೊತೆಗೆ ಮೊನ್ನೆಯವಳೂ ಮುಳುಗಿದಳು.

ಹಳ್ಳಿಯಲ್ಲಿ ಅವನ ಅಜ್ಜಿ ಬಿತ್ತನೆ ಕಾಳಿನ ಮಡಕೆಯನ್ನು ಒಲೆಯ ಹತ್ತಿರ ಸುಳಿಯಗೊಡುತ್ತಿರಲಿಲ್ಲ. ಕಾವು ತಗುಲಿದ ಕಾಳು ಸತ್ತ ಮೇಲೂ ಬದುಕಿದ ಹಾಗೆ ಕಾಣುತ್ತದೆ ಎನ್ನುತ್ತಿದ್ದಳು. ಬಣ್ಣ ಅದೇ, ತೂಕ ಅದೇ. ಒಳಗಿನ ಕಣ್ಣು ಮಾತ್ರ ಮುಚ್ಚಿರುತ್ತದೆ. ಊಟದ ಕೋಣೆಯಲ್ಲಿ ಡಬ್ಬಿ ಬಿಸಿ ಮಾಡುವ ಓವನ್ ಇತ್ತು. ಅರಗು ಕರಗುತ್ತದೆಂಬ ಒಂದೇ ತೊಡಕು. ಅದಕ್ಕೂ ಉಪಾಯ ಹೊಳೆಯಿತು: ದಾರ ಉದ್ದವಿದೆ, ಚೀಲ ಒಳಗಿರಲಿ, ಮುದ್ರೆ ಓವನ್ನಿನ ಬಾಗಿಲ ಹೊರಗೆ ಜೋತಾಡಲಿ.

ಬೀರುವಿನ ಬೀಗದಕೈ ಹೇಗೆ ಸಂಪಾದಿಸುವುದೆಂದು ಅವನು ಲೆಕ್ಕ ಹಾಕುತ್ತಿರುವಾಗಲೇ ಅದು ತಾನಾಗಿ ಕೈಗೆ ಬಂತು. ಒಂದು ದಿನ ಕೋರ್ಟಿಗೆ ಹೊರಟವಳು ಅವನ ಮೇಜಿನ ಮೇಲೆ ಎರಡು ಬೀಗದಕೈಗಳ ಗೊಂಚಲು ಇಟ್ಟಳು.

"ಅಣ್ಣಾ, ಇದು ನಿಮ್ಮ ಹತ್ರಾನೇ ಇರ್ಲಿ. ದೊಡ್ಡ ಕೈ ಬೀರುವಿಂದು."

"ಬೀಗ ಕಾಯೋ ಕೆಲ್ಸಾನೂ ನನಗೇನಾ?"

"ಕಾಯೋರ ಕೈಗೇ ಅಲ್ವಾ ಕೊಡೋದು," ಎಂದು ನಕ್ಕು ಹೋದಳು.

ಆ ನಗು ಅವನನ್ನು ದಿನವಿಡೀ ಚುಚ್ಚಿತು. ಗುರುವಿಗೇ ತಿರುಮಂತ್ರ, ಕಲಿಸಿದವನನ್ನು ಕಾವಲುಗಾರ ಮಾಡಿದಳು. ಅಲ್ಪಸ್ವಲ್ಪ ಉಳಿದಿದ್ದ ಅಳುಕೂ ಅಲ್ಲಿಗೆ ಮುಗಿಯಿತು.

ಮಾರನೆಯ ಮಧ್ಯಾಹ್ನ ಕಚೇರಿಯವರೆಲ್ಲ ದೊಡ್ಡವರ ವಾದ ಕೇಳಲು ಹೋಗಿದ್ದರು. ತಲೆನೋವೆಂದು ಅವನು ಉಳಿದ. ಚೀಲವನ್ನು ಓವನ್ನಿನಲ್ಲಿ ಸ್ವಲ್ಪ ಸ್ವಲ್ಪವೇ ಕಾಯಿಸಿದ. ಪ್ರತಿ ಸಲ ಹೊರತೆಗೆದು, ಜ್ವರದ ಮಗುವಿನ ಹಣೆ ಮುಟ್ಟುವಂತೆ ಅಂಗೈಯಿಟ್ಟು ನೋಡಿದ. ಸಾಕೆನಿಸಿದಾಗ ಕಿಟಕಿ ತೆರೆದು ವಾಸನೆ ಹೊರಗೆ ಬಿಟ್ಟು, ಆರಿದ ಚೀಲವನ್ನು ಮತ್ತೆ ಬೀರುವಿಗೆ ಸೇರಿಸಿದ. ಮುದ್ರೆಯ ಮೇಲೆ ಒಂದು ಗೀರೂ ಇರಲಿಲ್ಲ. ಗೊಂಚಲನ್ನು ಅವಳು ಮರಳಿ ಕೇಳಲಿಲ್ಲ. ಮರೆಗುಳಿ, ಇವಳಿಗೆ ದೊಡ್ಡ ಮೊಕದ್ದಮೆ ಬೇರೆ ಕೇಡು ಎಂದುಕೊಂಡ.

ಕಮಿಷನರು ಬಂದ ದಿನ ಅವನೇ ಬೀರು ತೆರೆದು ಚೀಲ ತಂದುಕೊಟ್ಟ. ಅವರು ಮುದ್ರೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಬೀಗದಕೈ ಯಾರ ವಶದಲ್ಲಿತ್ತೆಂದು ಕೇಳಿದರು. ತನ್ನ ವಶದಲ್ಲೇ ಎಂದು ಹಳಬ ನಿರಾಳವಾಗಿ ಸಹಿ ಹಾಕಿದ. ಕಾಳುಗಳು ಒದ್ದೆ ಮರಳಿನ ತಟ್ಟೆಗೆ ಬಿದ್ದವು. ಮೇಲೆ ಗಾಜು ಮುಚ್ಚಿ, ಸುತ್ತ ಪಟ್ಟಿ ಸುತ್ತಿ, ಪಟ್ಟಿಗೂ ಅರಗು ಒತ್ತಿದರು. ಬೆಳಕು ಚೆನ್ನಾಗಿದೆಯೆಂದು ತಟ್ಟೆಯನ್ನು ಅವಳ ಕೋಣೆಯ ಕಿಟಕಿಯಲ್ಲೇ ಇಟ್ಟರು. ವಾರ ಕಳೆದು ಬಂದು ನೋಡುವೆವೆಂದು ಹೊರಟರು. ಹಳಬನ ಎದೆಯಲ್ಲಿ ಬಹುಕಾಲದ ಮೇಲೆ ತಂಗಾಳಿ ಬೀಸಿತು. ಇಷ್ಟಾದ ಮೇಲೆ ಔದಾರ್ಯ ತೋರಿಸಲು ಅಡ್ಡಿಯೇನು? ಗೊಂಚಲನ್ನು ಅವಳ ಮುಂದೆ ಹಿಡಿದ.

ಅವಳು ಕೈ ಚಾಚಲಿಲ್ಲ. "ಚಿಕ್ಕ ಕೈ ಯಾವುದರದ್ದು ಅಂತ ನೋಡ್ಲೇ ಇಲ್ವಾ ಅಣ್ಣಾ? ಈ ಕೋಣೇದು. ಮುಂದಿನ ವಾರದಿಂದ ನಾನು ಈ ಕೆಲ್ಸ ಬಿಟ್ಟು ಕಾಲೇಜಲ್ಲಿ ಪಾಠ ಮಾಡ್ತೀನಿ. ಕಂಪನಿಯವರು ಗಾಬರಿ ಬೀಳ್ಬಾರ್ದು ಅಂತ ದೊಡ್ಡವರು ಬಾಯಿ ಬಿಡ್ಬೇಡ ಅಂದಿದ್ರು. ಮೊಕದ್ದಮೆ ನಿಮಗೇ ಕೊಡ್ಬೇಕು ಅಂತ ಪಟ್ಟು ಹಿಡಿದೆ. ಗೆದ್ರೆ ಪಾಲುದಾರರು ನೀವು, ಸೋತ್ರೆ ಹೊಣೆನೂ ನಿಮ್ದೇ ಅಂತ ಹೇಳಿ ದೊಡ್ಡವರು ಒಪ್ಪಿದಾರೆ. ಸೋಲೋ ಮಾತೆಲ್ಲಿ ಬಂತು ಬಿಡಿ. ನಾನೇ ಗೋದಾಮಿಂದ ಹಿಡಿ ಕಾಳು ತಂದು ಮನೇಲಿ ಬಿತ್ತಿ ನೋಡಿದೀನಿ, ಒಂದೂ ಬಿಡದೆ ಎದ್ದಿವೆ. ನನ್ನನ್ನ ವಕೀಲೆ ಮಾಡಿದ ಋಣ ಇವತ್ತಿಗೆ ತೀರ್ತು." ಅವಳು ಬಗ್ಗಿ ಅವನ ಕಾಲು ಮುಟ್ಟಿ, ಕುರ್ಚಿಯನ್ನು ಅವನ ಕಡೆಗೆ ತಿರುಗಿಸಿ ಹೊರಟುಹೋದಳು. ಹಳಬ ಕೂತ. ಅವನು ಎಷ್ಟೋ ವರ್ಷ ಬಯಸಿದ ಕುರ್ಚಿ ಅದು. ಕೂತವರ ಮುಖ ನೇರವಾಗಿ ಕಿಟಕಿಯ ಕಡೆಗೇ ಇರುತ್ತಿತ್ತು.