ಯಾರೂ ಕೇಳದ ಚರಣ

"ಒಂದು, ಎರಡು, ಮೂರು!" ಎಂದು ಕುರಮೋಟೊ ಟೀಚರ್ ಕೈ ಎತ್ತಿದರು. ನಾಲ್ಕನೇ ಕ್ಲಾಸಿನ ಮಕ್ಕಳೆಲ್ಲ ಕೊಳಲು ಊದಿದರು. ಚಿನಾತ್ಸು ಪಿಯಾನೋ ಬಾರಿಸಿದಳು.

ಪಲ್ಲವಿ ಇನ್ನೂ ಮುಗಿದಿರಲಿಲ್ಲ. ಶಾಲೆಯ ಎದುರು ಮನೆಯ ಬಾಗಿಲು ಧಡಾರನೆ ತೆರೆಯಿತು. ಹೆಂಗಸೊಬ್ಬರು ಎರಡೂ ಕೈಯಲ್ಲಿ ಕಸದ ಚೀಲ ಹಿಡಿದು ಓಡಿಬಂದರು.

"ತಡೀರಿ, ತಡೀರಿ! ಇವತ್ತು ಪ್ಲಾಸ್ಟಿಕ್ ಕಸದ ದಿನ ಅಲ್ವಾ? ಗಾಡಿ ಎಲ್ಲಿ?"

"ಗಾಡಿ ಇಲ್ಲ ಆಂಟೀ, ನಾವು!" ಎಂದು ಗೆಂಟ ಕಿಟಕಿಯಿಂದ ಕೂಗಿದ. ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು. ಚಿನಾತ್ಸು ಮಾತ್ರ ನಗಲಿಲ್ಲ.

ಯಾಕೆಂದರೆ ಅದು ಅವಳ ಅಜ್ಜಿಯ ಹಾಡು. ಮಿತ್ಸುಯೆ ಅಜ್ಜಿ ಇಪ್ಪತ್ತೆರಡು ವರ್ಷದವಳಿದ್ದಾಗ ಹಾಡಿದ ಒಂದೇ ಒಂದು ರೆಕಾರ್ಡು. ಹಾಡಿನ ಹೆಸರು 'ಇನ್ನೂ ಸ್ವಲ್ಪ ಹೊತ್ತು ಇರು'. ಅವರ ಬಂದರಿನ ಊರಿನಿಂದ ರೆಕಾರ್ಡು ಮಾಡಿದವರು ಬೇರೆ ಯಾರೂ ಇಲ್ಲವಲ್ಲ, ಊರಿಗೆ ಹೆಮ್ಮೆಯೋ ಹೆಮ್ಮೆ. ಆ ಹೆಮ್ಮೆಯಲ್ಲಿ ಹಾಡನ್ನು ಕಂಡಕಂಡಲ್ಲೆಲ್ಲ ಹಾಕಿಬಿಟ್ಟರು. ಜೋರಾಗಿ ಬಾರಿಸಿದರೆ ಕಸದ ಗಾಡಿ. ನಿಧಾನವಾಗಿ ಬಾರಿಸಿದರೆ ಸೂಪರ್ ಮಾರ್ಕೆಟ್ ಬಾಗಿಲು ಹಾಕುವ ಹೊತ್ತು. ಗಂಟೆಯ ದನಿಯಲ್ಲಿ ಊರಿನ ಮೈಕಿನಿಂದ ಬಂದರೆ ಸಂಜೆ ಐದಾಯಿತು, ಮಕ್ಕಳು ಮನೆಗೆ ಹೋಗಬೇಕು. 'ಇರು, ಇರು' ಎಂದು ಅಂಗಲಾಚುವ ಹಾಡು ಊರಿಗೆ ಊರನ್ನೇ ಎಬ್ಬಿಸಿ ಕಳಿಸುತ್ತಿತ್ತು!

ಎಲ್ಲ ಕಡೆಯೂ ಬರೀ ಪಲ್ಲವಿ. ಚರಣ ಒಂದಿದೆ ಎಂಬುದೇ ಜನಕ್ಕೆ ಮರೆತುಹೋಗಿತ್ತು.

ಅಜ್ಜಿ ಜನರ ಮುಂದೆ ಹಾಡಿ ಮೂವತ್ತು ವರ್ಷವಾಗಿತ್ತು. ಕೊನೆಯ ಸಲ ಮೀನುಗಾರರ ಸಂಘದ ಊಟದಲ್ಲಿ ಹಾಡಿದಾಗ, ಹಾಡಿನ ಎರಡನೇ ಸಾಲಿಗೆಲ್ಲ ಹಾಲ್ ಖಾಲಿ. ಅಜ್ಜಿಯ ಗಂಡ, ಚಿನಾತ್ಸುವಿನ ತಾತನೇ ಕಸ ಹಾಕಲು ಎದ್ದು ಹೋಗಿದ್ದನಂತೆ. ಶಾಲೆಯ ಸಂಗೀತ ದಿನಕ್ಕೆ ಹಾಡಲು ಚಿನಾತ್ಸು ಒಂದು ತಿಂಗಳು ತಲೆ ತಿಂದು ಅಜ್ಜಿಯನ್ನು ಒಪ್ಪಿಸಿದ್ದಳು.

"ಈ ಸಲ ಯಾರೂ ಏಳಲ್ಲ ಅಜ್ಜಿ. ಪ್ರಾಮಿಸ್!"

"ಎದ್ರೆ?"

"ಏಳಲ್ಲ ಅಂದ್ನಲ್ಲ!"

"ಎದ್ರೆ ಇನ್ಮೇಲೆ ನಾನು ಬಚ್ಚಲಲ್ಲೂ ಹಾಡಲ್ಲ ನೋಡು," ಎಂದು ಅಜ್ಜಿ ಮೂಲಂಗಿ ಉಪ್ಪಿನಕಾಯಿ ಕಟಕ್ಕನೆ ಕಚ್ಚಿದ್ದಳು. ತಮಾಷೆಗೆ ಹೇಳಿದ ಮಾತಲ್ಲ ಅದು.

ಕ್ಲಾಸಿನ ನಗು ನಿಂತ ಮೇಲೆ, "ಬೇರೆ ಥರ ಬಾರಿಸೋಣ," ಎಂದರು ಟೀಚರ್. ನಿಧಾನವಾಗಿ ಬಾರಿಸಿದರು. ಆಫೀಸಿನವರು ಬಂದು ಲೈಟು ಆರಿಸಿ ಪರದೆ ಎಳೆದು ಹೋದರು. ಗಂಟೆ ಸೇರಿಸಿದರು. ಪಕ್ಕದ ಕೋಣೆಯ ಒಂದನೇ ಕ್ಲಾಸಿನವರು ಬ್ಯಾಗು ಏರಿಸಿಕೊಂಡು ಸಾಲಾಗಿ ಗೇಟಿನತ್ತ ನಡೆದರು. ಕೊನೆಗೆ ತೂಗಿ ತೂಗಿ, ಜೋಗುಳದ ಹಾಗೆ ಬಾರಿಸಿದರು.

"ಟೀಚರ್, ನಮ್ಮನೇಲಿ ಸ್ನಾನದ ನೀರು ಕಾದಾಗ ಗೀಸರಿನಿಂದ ಬರೋದು ಇದೇ ಟ್ಯೂನು," ಎಂದ ಗೆಂಟ. "ನಂಗೀಗ ಮೈಯೆಲ್ಲ ಕೆರೀತಿದೆ."

ಚಿನಾತ್ಸುಗೆ ಅಳುವೇ ಬಂತು. ಮನೆಗೆ ಹೋದವಳೇ ದೊಡ್ಡ ಹಾಳೆಯ ಮೇಲೆ ಕುಂಚದಲ್ಲಿ ಬರೆದಳು: 'ಇದು ಕಸದ ಗಾಡಿ ಅಲ್ಲ. ಮಾರ್ಕೆಟ್ ಮುಚ್ಚುತ್ತಿಲ್ಲ. ಗಂಟೆ ಐದಾಗಿಲ್ಲ. ನೀರು ಕಾದಿಲ್ಲ. ದಯವಿಟ್ಟು ಕೂತಿರಿ.'

ಶನಿವಾರ ಊರೆಲ್ಲ ಬಂತು. ಬಾಗಿಲಲ್ಲಿ ಶೂ ಬಿಚ್ಚಿಟ್ಟು, ಶಾಲೆಯ ಹಸಿರು ಚಪ್ಪಲಿ ಮೆಟ್ಟಿ, ಹಾಲ್‌ನಲ್ಲಿ ಕೂತರು. ವೇದಿಕೆಯ ಮೇಲೆ ತೂಗುಹಾಕಿದ್ದ ಹಾಳೆಯನ್ನು ಓದಿ 'ಆಗಲಿ ಆಗಲಿ' ಎಂದು ತಲೆಯಾಡಿಸಿದರು. ಅಜ್ಜಿ ಬಂದು ಬಾಗಿ ನಮಸ್ಕರಿಸಿದಳು. ಚಿನಾತ್ಸು ಪಿಯಾನೋ ಶುರು ಮಾಡಿದಳು.

ಮೊದಲ ಸಾಲು ಮುಗಿಯಿತು. ಯಾರೂ ಅಲ್ಲಾಡಲಿಲ್ಲ. ಎರಡನೇ ಸಾಲಿಗೆ ಮುಂದಿನ ಕುರ್ಚಿಯಲ್ಲಿದ್ದ ಹೆಡ್‌ಮಾಸ್ತರರ ಮೊಣಕಾಲು ಕುಣಿಯತೊಡಗಿತು. ಅವರು ಅದನ್ನು ಕೈಯಿಂದ ಅದುಮಿ ಹಿಡಿದರು. ಆಗಲಿಲ್ಲ.

"ತಪ್ಪು ತಿಳ್ಕೋಬೇಡಿ, ಕಾಲು ತಾನಾಗೇ ಹೋಗ್ತಿದೆ," ಎಂದು ಎದ್ದೇಬಿಟ್ಟರು. ಅವರ ಹಿಂದೆ ಒಬ್ಬೊಬ್ಬರೇ ಬಗ್ಗಿ ಬಗ್ಗಿ, "ಕ್ಷಮಿಸಿ, ಕ್ಷಮಿಸಿ" ಎನ್ನುತ್ತ ಹೊರಟರು. ಕೊಳಲು ಊದುತ್ತಿದ್ದ ಮಕ್ಕಳೂ ಹೊರಟರು. ಗೆಂಟನಂತೂ ಊದಿಕೊಂಡೇ ಹೋದ.

ಉಳಿದವರು ಒಬ್ಬರೇ. ಕಸದ ಗಾಡಿ ಓಡಿಸುವ ತೊಕುಮಾರು ಮಾಮ. ಆ ಹಾಡು ದಿನವಿಡೀ ಅವರ ತಲೆಯ ಮೇಲೇ ಕೂಗುತ್ತಿತ್ತು. ಅದನ್ನು ಕೇಳಿ ಅವರು ಒಂದು ದಿನವೂ ಎದ್ದು ಹೋದವರಲ್ಲ. ಕೈ ಕಟ್ಟಿಕೊಂಡು ಆರಾಮಾಗಿ ಕೂತಿದ್ದರು.

ಪಲ್ಲವಿ ಮುಗಿಯಿತು. ಅಜ್ಜಿ ಈಗ ಇಳಿದು ಹೋಗುತ್ತಾಳೆ ಎಂದುಕೊಂಡು ಚಿನಾತ್ಸು ಕಣ್ಣು ಮುಚ್ಚಿದಳು. ಅಜ್ಜಿ ಖಾಲಿ ಕುರ್ಚಿಗಳನ್ನೊಮ್ಮೆ ನೋಡಿದಳು, ತೊಕುಮಾರು ಮಾಮನನ್ನು ನೋಡಿದಳು. ಎದೆ ತುಂಬ ಉಸಿರೆಳೆದು ಮುಂದಕ್ಕೆ ಹಾಡಿದಳು.

'ಸರಿ ಹಾಗಾದರೆ, ಹೊರಡು. ಒಂದು ತುತ್ತು ಉಂಡು ಹೊರಡು. ಬಾಗಿಲವರೆಗೆ ನಾನೂ ಬರುತ್ತೇನೆ...'

ಚಿನಾತ್ಸುವಿನ ಬೆರಳು ನಿಂತುಹೋಯಿತು. ಪಿಯಾನೋದ ಯಾವ ಕೀ ಒತ್ತಬೇಕೋ ಅವಳಿಗೆ ತಿಳಿಯಲಿಲ್ಲ. ಅಜ್ಜಿ ಪಿಯಾನೋ ಇಲ್ಲದೆಯೇ ಹಾಡುತ್ತ ಹೋದಳು.

ಅಷ್ಟರಲ್ಲಿ ಬಾಗಿಲಲ್ಲಿ ಪಟಪಟ ಸದ್ದು. ಹೋದವರೆಲ್ಲ ವಾಪಸ್ ಬರುತ್ತಿದ್ದರು. ಮನೆಗೆ ಹೋಗಿ ಬಾಗಿಲಲ್ಲಿ ಶೂ ಬಿಚ್ಚಲು ಬಗ್ಗಿದರೆ, ಕಾಲಲ್ಲಿ ಶಾಲೆಯ ಹಸಿರು ಚಪ್ಪಲಿ! ಎಲ್ಲರ ಮುಖವೂ ಕೆಂಪಾಗಿತ್ತು. ಹೆಡ್‌ಮಾಸ್ತರರ ಕೈಯಲ್ಲಿ ಅವರ ಮನೆಯ ಕಸವೂ ಇತ್ತು.

"ಇದ್ಯಾವ ಹಾಡು? ಕೇಳೇ ಇಲ್ವಲ್ಲ."

"ಶ್! ಸುಮ್ನಿರಿ."

ಕೇಳದ ಹಾಡಿಗೆ ಎಲ್ಲಿಗೆ ಹೋಗಬೇಕೆಂದು ಯಾರ ಕಾಲಿಗೂ ಗೊತ್ತಿರಲಿಲ್ಲ. ಹಾಡು ಮುಗಿಯುವ ತನಕ ಊರೆಲ್ಲ ನಿಂತಲ್ಲೇ ನಿಂತಿತ್ತು. ಆಮೇಲೆ ಹಾಲ್ ಹಾರಿಹೋಗುವ ಹಾಗೆ ಚಪ್ಪಾಳೆ.

"ಮುಂದೆ ಬೇರೆ ಇತ್ತಾ ಇದಕ್ಕೆ!" ಎಂದು ತೊಕುಮಾರು ಮಾಮ ಕಣ್ಣೊರೆಸಿಕೊಂಡರು.

"ಮಿತ್ಸುಯೆ ಅಮ್ಮಾ, ಇನ್ನೊಂದ್ಸಲ, ಮೊದಲಿಂದ!" ಎಂದು ಯಾರೋ ಕೂಗಿದರು.

"ಬೇಡಪ್ಪಾ, ಮೊದಲಿಂದ ಹಾಡಿದ್ರೆ ಮತ್ತೆ ಹೊರಟುಬಿಡ್ತೀರ," ಎಂದಳು ಅಜ್ಜಿ.

ಜನ ಶೂ ಹುಡುಕಿಕೊಳ್ಳಲು ಹೋದರು. ಅಜ್ಜಿ ಪಿಯಾನೋ ಬಳಿ ಬಂದಳು.

"ಸಾರಿ ಅಜ್ಜಿ. ಎಲ್ರೂ ಎದ್ದುಬಿಟ್ರು."

"ಏಳ್ಲಿ ಬಿಡು. ನೀನ್ಯಾಕೆ ನಿಲ್ಸಿದೆ?"

ಒಂದು ತಿಂಗಳಿಂದ ಚಿನಾತ್ಸು ಊರಿನವರ ಮೇಲೆ ಸಿಟ್ಟಾಗಿದ್ದಳು. ಈಗ ಅವಳ ಕಿವಿ ಬಿಸಿಯಾಯಿತು.

"ಮುಂದಿಂದು ನಂಗೂ ಗೊತ್ತಿರ್ಲಿಲ್ಲ ಅಜ್ಜಿ. ನಾನು ಕೇಳೇ ಇಲ್ಲ."

ಚಿನಾತ್ಸು ಬೆಂಚಿನ ಮೇಲೆ ಸರಿದು ಜಾಗ ಮಾಡಿದಳು. ಅಜ್ಜಿ ಪಕ್ಕದಲ್ಲಿ ಕೂತು, ಮೊಮ್ಮಗಳ ಬೆರಳು ಹಿಡಿದು ಒಂದು ಕೀ ಮೇಲೆ ಇಟ್ಟಳು.

"ಇಲ್ಲಿಂದ," ಎಂದಳು.

ಚಿನಾತ್ಸು ಒತ್ತಿದಳು. ಮುಂದಿನದಕ್ಕಾಗಿ ಅಜ್ಜಿಯ ಮುಖ ನೋಡಿದಳು.