ಖಾತೂನಳ ಫಲಕದ ಎರಡನೆಯ ಹೆಸರು

"ಗೋರಿ ಬಾಗಿಲಿನ ಆ ಮಣ್ಣಿನ ಫಲಕದ ಮೇಲೆ ನಿನ್ನ ಹೆಸರು ಕೆತ್ತಬೇಡ ಉಸ್ತಾದ್," ಎಂದ ಭಟ್ಟಿ ಕಾಯುವ ಮುದುಕ ತುರ್ಸುನ್. "ರಾಣಿ ಖಾತೂನಳ ಹೆಣ ಮೀಯಿಸಿದ ಕರ್ಪೂರದ ನೀರಲ್ಲೇ ಆ ಮಣ್ಣು ಕಲಸಿದ್ದು. ಸಾಯೋ ಮುಂಚೆ ಅವಳೇ ಮಾಟ ಮಾಡಿಸಿದಾಳೆ. ಗೋರಿಯೊಳಗೆ ಒಬ್ಬಳೇ ಮಲಗೋಕೆ ಹೆದರಿಕೆ ಅವಳಿಗೆ. ಅವಳ ಹೆಸರಿನ ಪಕ್ಕದಲ್ಲಿ ಯಾರ ಹೆಸರು ಬರುತ್ತೋ, ಅವನೇ ಜೊತೆಗಾರ."

"ಕಾಶಾನಿನಲ್ಲಿ ನಾವು ಮಣ್ಣಿಗೆ ನೀರು ಹಾಕಿ ಕಲಸ್ತೀವಿ ಅಜ್ಜಾ. ಬುಖಾರಾದಲ್ಲಿ ಕತೆ ಹಾಕಿ ಕಲಸ್ತೀರೇನು?" ಎಂದು ಫಲಕ ಕೆತ್ತುತ್ತಿದ್ದ ಫಖ್ರುದ್ದೀನ್ ನಕ್ಕ.

ಆ ನಗುವೇ ಅವನಿಗೆ ಅಪರೂಪ. ಊರು ಬಿಟ್ಟು ಬಂದು ಎರಡು ವರ್ಷ. ರೊಟ್ಟಿ ಮುರಿಯುವಾಗಲೂ ಒಬ್ಬನೇ, ಜ್ವರ ಬಂದರೂ ಒಬ್ಬನೇ. ಈಗ ಹೆಂಡತಿ ಮಹ್‌ಪಾರ ಒಂಟೆಗಳ ಸಾಲಿನೊಂದಿಗೆ ಹೊರಟಿದ್ದಾಳೆಂದು ಸುದ್ದಿ ಬಂದಿತ್ತು. ರಾಣಿಯ ಹೆಸರಿನ ಪಕ್ಕದಲ್ಲಿ ತನ್ನ ಹೆಸರು ಹೊಳೆಯುವುದನ್ನು ಅವಳಿಗೆ ತೋರಿಸಬೇಕು. ಇಷ್ಟು ದಿನದ ಒಂಟಿತನಕ್ಕೆ ಅಷ್ಟಾದರೂ ಬೇಡವೇ?

ಕಸುಬಿನವರು ಹೆಸರು ಹಾಕುವುದು ಬೇರೆ ತುಂಡಿನಲ್ಲಿ, ಹೊಸ್ತಿಲ ಬಳಿ, ಕಾಲಿನ ಮಟ್ಟಕ್ಕೆ. ಇವನು ಖಾತೂನಳ ಫಲಕದಲ್ಲೇ, ಹಸಿಮಣ್ಣಿನ ಬಳ್ಳಿಗಳ ನಡುವೆ, 'ಕಾಶಾನಿನ ಫಖ್ರುದ್ದೀನನ ಕೆಲಸ' ಎಂದು ಆಳವಾಗಿ ಕೆತ್ತಿದ. ಉಳಿ ಇಳಿದಲ್ಲೆಲ್ಲ ಕರ್ಪೂರದ ವಾಸನೆ ಎದ್ದಿತು. ಮಣ್ಣು ಮೈಯಷ್ಟು ಬೆಚ್ಚಗಿತ್ತು. ಬಿಸಿಲಿಗಿರಬೇಕು ಎಂದುಕೊಂಡ.

ಮೂರು ದಿನ ಉರಿದು ಆರಿದ ಭಟ್ಟಿಯನ್ನು ಬೆಳಿಗ್ಗೆ ತೆರೆದರು. ಫಲಕದಲ್ಲಿ ಒಂದು ಬಿರುಕೂ ಇರಲಿಲ್ಲ. ನೀಲಿಹಸಿರು ಮೆರುಗಿನಡಿ ಎರಡು ಹೆಸರುಗಳೂ ಒಂದಕ್ಕೊಂದು ತಾಗಿಕೊಂಡಿದ್ದವು. ಕೆತ್ತುವಾಗ ಅವನು ನಡುವೆ ನಾಲ್ಕು ಬೆರಳು ಜಾಗ ಬಿಟ್ಟಿದ್ದ.

"ನೋಡು ಅಜ್ಜಾ, ಏನಾಯ್ತು ನಂಗೆ?"

ತುರ್ಸುನ್ ಹೆಸರು ಓದಿದ. ಎರಡೂ ಕೈಯೆತ್ತಿ ಸತ್ತವರಿಗಾಗಿ ಹೇಳುವ ಪ್ರಾರ್ಥನೆ ಶುರುಮಾಡಿದ. "ಹೇಳಿದ ಮಾತು ಕೇಳಲಿಲ್ವಲ್ಲೋ ಮಗನೇ," ಎಂದು ಖಾಲಿ ಅಂಗಳಕ್ಕೆ ಹೇಳಿದ.

"ಇಲ್ಲೇ ಇದೀನಲ್ಲಾ!"

ಮುದುಕ ತಿರುಗಲಿಲ್ಲ. ಫಖ್ರುದ್ದೀನ್ ಅವನ ತೋಳು ಹಿಡಿದ. ಕೈಗೆ ಏನೂ ಸಿಗಲಿಲ್ಲ. ಫಲಕ ಒಡೆಯಲು ಸುತ್ತಿಗೆಗೆ ಕೈ ಹಾಕಿದ. ಕೈ ಅದನ್ನೂ ದಾಟಿ ಹೋಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಬಜಾರಿಗೆ ಓಡಿದ. ಕೂಗಿದ. ಯಾರೂ ನೋಡಲಿಲ್ಲ. ರೊಟ್ಟಿಯ ಪರಿಮಳವಿಲ್ಲ. ಒಲೆಯ ಹೊಗೆಯಿಲ್ಲ. ಕರ್ಪೂರ. ಬರೀ ಕರ್ಪೂರ.

ಹನ್ನೊಂದನೆಯ ದಿನ ಒಂಟೆಗಳು ಬಂದವು. ಅಷ್ಟರಲ್ಲಿ ಫಲಕ ಗೋರಿಯ ಬಾಗಿಲಿಗೇರಿತ್ತು. ತುರ್ಸುನ್ ಮಹ್‌ಪಾರಳನ್ನು ಅಲ್ಲಿಗೆ ಕರೆತಂದ.

"ಇದೇ ನೋಡಮ್ಮಾ ನಿನ್ನ ಗಂಡನ ಹೆಸರು. ಉಳಿದಿರೋದು ಇಷ್ಟೇ."

ಫಖ್ರುದ್ದೀನ್ ಅವಳೆದುರೇ ನಿಂತು ಹೆಸರು ಹಿಡಿದು ಕರೆಯುತ್ತಿದ್ದ. ಅವಳು ಅವನನ್ನು ಹಾದು ಕೈ ಚಾಚಿ, ಅಕ್ಷರಗಳನ್ನು ಒಂದೊಂದಾಗಿ ಸವರಿದಳು. ಆ ಬೆರಳುಗಳು ತನ್ನ ಕೆನ್ನೆಯ ಮೇಲೆ ಓಡುವುದು ಅವನಿಗೆ ತಿಳಿಯಿತು. ಎರಡು ವರ್ಷ ಇದಕ್ಕಾಗಿಯೇ ಕಾದಿದ್ದ. ಬಿಕ್ಕಿಬಿಕ್ಕಿ ಅತ್ತ.

"ಎಷ್ಟು ತಣ್ಣಗಿದೆ," ಎಂದು ಮಹ್‌ಪಾರ ಕೈ ತೆಗೆದಳು.

ಗೋರಿಯೊಳಗಿಂದ ಒದ್ದೆ ಕೈಯೊಂದು ಬಂದು ಅವನ ಬೆರಳುಗಳನ್ನು ಹಿಡಿದುಕೊಂಡಿತು.