ಸಿಳ್ಳೆ ಹಾಕಿದವರು ಯಾರು

೧೭೯೧ರ ಸೆಪ್ಟೆಂಬರ್ ೬, ಮಂಗಳವಾರ ಬೆಳಿಗ್ಗೆ ವರ್ಜೀನಿಯಾದ ಶೆರಿಫ್ ಟಾರಂಟ್‌ನ ಕಚೇರಿಗೆ ಕರ್ನಲ್ ಸ್ಟ್ರೋಡ್‌ನ ದೂರು ಬಂತು. ಮನೆಯ ಸ್ವತ್ತು ಕಳುವಾಗಿದೆ. ಸ್ವತ್ತಿನ ಹೆಸರು ಲೆಟಿ, ವಯಸ್ಸು ಹದಿಮೂರು.

ಕರ್ನಲ್ ಎಂದರೆ ಸಾಮಾನ್ಯನಲ್ಲ. ಮನುಷ್ಯರೆಲ್ಲ ಹುಟ್ಟಿನಿಂದ ಸ್ವತಂತ್ರರು ಎಂದು ಇಂಗ್ಲೆಂಡಿನ ರಾಜನ ವಿರುದ್ಧ ಸಭೆಯಲ್ಲಿ ಗುಡುಗಿದ ಮಹಾಶಯ. ಅವನ ತಂಬಾಕಿನ ಹೊಲದಲ್ಲಿ ದುಡಿಯುತ್ತಿದ್ದವರೆಲ್ಲ ಗುಲಾಮರು.

“ಹುಡುಗೀನ ಕೊನೇ ಸಲ ಯಾವಾಗ ನೋಡಿದ್ರಿ?” ಕರ್ನಲ್‌ನ ಮನೆಗೆ ಬಂದ ಟಾರಂಟ್ ಕೇಳಿದ.

“ನಿನ್ನೆ ಮಧ್ಯಾಹ್ನ. ಊಟಕ್ಕೆ ತಟ್ಟೆ ತಂದಿದ್ದು ಅವಳೇ. ಆಮೇಲೆ ಓಡಿದಾಳೆ, ಇಲ್ಲೇ ಕಾಡಲ್ಲಿ ಅಡಗಿರ್ತಾಳೆ. ನಿನ್ನೆ ಬಾತುಕೋಳಿ ಬೇರೆ ಸೀದುಹೋಗಿ ನೆಂಟರ ಮುಂದೆ ಮರ್ಯಾದೆ ಹೋಯ್ತು.”

“ಕಣ್ಣಾರೆ ನೋಡಿದ್ರಾ?”

“ಸಿಳ್ಳೆ ಕೇಳಿಸ್ತಲ್ಲ.”

ಅಡುಗೆಮನೆ ಅಂಗಳದ ಆಚೆಗಿತ್ತು. ಅಲ್ಲಿಂದ ತಟ್ಟೆ ತರುವವರು ದಾರಿಯುದ್ದಕ್ಕೂ ಸಿಳ್ಳೆ ಹಾಕಬೇಕು; ಸಿಳ್ಳೆ ಹಾಕುವ ಬಾಯಿ ಕದ್ದು ತಿನ್ನಲಾರದು. ತಂದದ್ದನ್ನು ಗೋಡೆಯಲ್ಲಿನ ತಿರುಗುವ ಕಪಾಟಿನಲ್ಲಿಟ್ಟು ಹೊರಗಿನಿಂದಲೇ ಹಿಂತಿರುಗಬೇಕು. ಊಟದ ಮೇಜಿನ ಸ್ವಾತಂತ್ರ್ಯದ ಮಾತು ಗುಲಾಮರ ಕಿವಿಗೆ ಬೀಳಬಾರದೆಂದು ಕರ್ನಲ್ ಮಾಡಿಸಿದ ಏರ್ಪಾಡು. ಟಾರಂಟ್ ಕಪಾಟು ತಿರುಗಿಸಿದ. ಆಚೆ ನಿಂತ ಕಾನ್‌ಸ್ಟೆಬಲ್ ಗಿಬ್ಸ್‌ನ ಮುಖ ಕಾಣಲಿಲ್ಲ. ಪಂಚನಾಮೆ ಬರೆದು ಅಡುಗೆಮನೆಗೆ ನಡೆದ.

ಅಡುಗೆಯವಳು ಫೀಬಿ, ಲೆಟಿಯ ತಾಯಿ, ಪಾತ್ರೆ ಉಜ್ಜುತ್ತಿದ್ದಳು.

“ಇದುವರೆಗೆ ಬಾತು ಎಷ್ಟು ಸಲ ಸೀದಿದೆ?”

“ನಿನ್ನೆ ಒಂದೇ ಸಲ, ಸಾಹೇಬ್ರೆ.”

“ಒಲೆ ಬಿಟ್ಟು ಎಲ್ಲಿಗೆ ಹೋಗಿದ್ದೆ?”

ಫೀಬಿ ಪಾತ್ರೆ ಕೆಳಗಿಟ್ಟಳು.

“ತಟ್ಟೆ ಹೊತ್ತಿದ್ದು ನೀನು. ಸಿಳ್ಳೇನೂ ನಿಂದೇ.”

“ಹೌದು. ಅವಳಿಗೆ ಕಲಿಸಿದ್ದೂ ನಾನೇ.”

“ಹುಡುಗಿ ಯಾವಾಗ ಹೋದ್ಲು?”

“ಭಾನುವಾರ ಕತ್ತಲಾದ ಮೇಲೆ. ಈಗ ಹೇಳಿದ್ರೆ ತೊಂದ್ರೆ ಇಲ್ಲ.”

“ಎರಡು ರಾತ್ರಿ ಕಳೀತು. ಇನ್ನೆಲ್ಲಿ ಸಿಗ್ತಾಳೆ ಬಿಡಿ,” ಎಂದ ಗಿಬ್ಸ್.

ಎಲ್ಲಿಗೆ ಎಂಬ ಪ್ರಶ್ನೆಗೆ ಫೀಬಿ ಬಾಯಿ ಬಿಡಲಿಲ್ಲ. ಹನ್ನೊಂದು ಗಂಟೆಗೆ ಅವಳನ್ನು ಬಂಧಿಸಿದರು.

ಹುಡುಕಾಟಕ್ಕೆ ಹುಡುಗಿಯ ಚಹರೆ ಬೇಕಿತ್ತು. ಜಗುಲಿಯಲ್ಲಿ ಕೂತು ಕರ್ನಲ್ ಹೇಳುತ್ತಾ ಹೋದ. “ಮೈಬಣ್ಣ ಬಿಳುಪು. ಕಣ್ಣು ಬೂದಿ ಬಣ್ಣ. ಗದ್ದದಲ್ಲಿ ಗುಳಿ.”

ಬರೆಯುತ್ತಿದ್ದ ಟಾರಂಟ್ ತಲೆಯೆತ್ತಿದ. ಎದುರಿಗಿದ್ದವನ ಕಣ್ಣು ಬೂದಿ ಬಣ್ಣ. ಆಗತಾನೇ ಕ್ಷೌರವಾಗಿದ್ದ ಗದ್ದದಲ್ಲಿ ಗುಳಿ.

“ತಂದೆ ಹೆಸರು?”

“ಅದು ಬೇಕಾಗಿಲ್ಲ.”

ಟಾರಂಟ್‌ಗೆ ಇಂಥವನ ಅಂಗಳದಲ್ಲಿ ನಿಂತಿದ್ದಕ್ಕೇ ಹೇಸಿಗೆಯಾಯಿತು. ಆದರೂ ಫೀಬಿಯ ಕೈಗೆ ಹಗ್ಗ ಬಿಗಿದವನು ಟಾರಂಟೇ. ಕಾನೂನು ಕರ್ನಲ್‌ನ ಕಡೆಗಿತ್ತು.

ಫೀಬಿಯನ್ನು ಕೂರಿಸಿದ ಗಾಡಿ ಗೇಟು ದಾಟಿದ ಮೇಲೆ ಟಾರಂಟ್ ಕೇಳಿದ: “ಯಾಕಮ್ಮ ಕಳಿಸಿದೆ? ಚಾಟಿ ಏಟು ಬೀಳುತ್ತೆ ಅಂತ ಗೊತ್ತಿರ್ಲಿಲ್ವಾ?”

“ಗೊತ್ತಿತ್ತು. ಗುರುವಾರ ಹೆನ್ರಿಯೆಟ್ಟಾ ಅಮ್ಮಾವ್ರ ಮದುವೆ. ಮಗಳಿಗೆ ಉಡುಗೊರೆಯಾಗಿ ಲೆಟೀನ ಕೊಡ್ತೀನಿ ಅಂದ್ರು ಧಣಿ.” ಫೀಬಿ ರಸ್ತೆಯನ್ನೇ ನೋಡುತ್ತಿದ್ದಳು. “ಅಕ್ಕನಿಗೆ ತಂಗೀನ, ಸಾಹೇಬ್ರೆ. ಅಪ್ಪನೇ ಕೈಯಾರೆ.”

ಟಾರಂಟ್ ಆ ಮಾತನ್ನು ಹೇಳಿಕೆಯಲ್ಲಿ ಬರೆಯಲಿಲ್ಲ.